ಪಕ್ಕದ ಸೀಟಿನ ಬ್ರೇಕು

ಊರಿನಲ್ಲಿ ಕಾರು ಓಡಿಸುವವರಲ್ಲಿ ಮುಕ್ಕಾಲು ಪಾಲು ಜನ ಮೇಷ್ಟ್ರ ಶಿಷ್ಯರು. ಡ್ರೈವಿಂಗ್ ಕಲಿಸುವವರನ್ನು ಮೇಷ್ಟ್ರು ಅನ್ನುವುದು ಬೇರೆ ಕಡೆ ಉಂಟೋ ಇಲ್ಲವೋ, ಇವರನ್ನಂತೂ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವರ ಹೆಂಡತಿ ಮದುವೆಯಾಗಿ ಬಂದ ಹೊಸತರಲ್ಲಿ ಶಿಷ್ಯರೆಲ್ಲ ಅಕ್ಕ ಅಂದರು. ಈಗ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವ ವಯಸ್ಸಿನಲ್ಲೂ ಅವಳು ಊರಿಗೆಲ್ಲ ಅಕ್ಕನೇ.

ಆ ಕಾಲವನ್ನು ನೆನೆದರೆ ಅಕ್ಕನಿಗೆ ಈಗಲೂ ನಗು ಬರುತ್ತದೆ. ಬೆಳಗಾದರೆ ಸಾಕು, ಮನೆ ಮುಂದಿನ ಬೆಂಚಿನ ಮೇಲೆ ಕಲಿಯುವವರ ಸಾಲು. ಬ್ಯಾಂಕಿನವರು, ಆಸ್ಪತ್ರೆಯ ನರ್ಸು, ಹೊಸ ಹೆಂಡತಿಯ ಮುಂದೆ ಜಂಬ ತೋರಿಸಬೇಕಾದವರು. ಮೇಷ್ಟ್ರ ಹಳದಿ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕು ಇತ್ತು. ಶಿಷ್ಯ ಎಷ್ಟೇ ಎಡವಟ್ಟು ಮಾಡಲಿ, ಮೇಷ್ಟ್ರ ಕಾಲು ಅದರ ಮೇಲಿರುತ್ತಿತ್ತು, ಮುಖ ಮಾತ್ರ ಕಿಟಕಿಯಾಚೆಗೆ. ಕಾರು ನಿಲ್ಲಿಸಿದ್ದು ತಾವೇ ಎಂದು ಎಷ್ಟೋ ಜನ ನಂಬಿ ಬೀಗುತ್ತಿದ್ದರು. ಒಬ್ಬನಂತೂ ರಸ್ತೆಯ ಒಂದೇ ಒಂದು ಗುಂಡಿಯನ್ನೂ ಬಿಡದೆ ಕಾರು ಇಳಿಸುತ್ತಿದ್ದ. ಮೇಷ್ಟ್ರು ಅವನಿಗೆ ಗುಂಡಿರಾಯ ಎಂದು ಹೆಸರಿಟ್ಟರು. ಅವನೇ ಈಗ ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಇನ್ಸ್‌ಪೆಕ್ಟರು.

ಪಾಠ ಮುಗಿದ ಮೇಲೆ ಗಂಡ ಹೆಂಡತಿ ಅದೇ ಕಾರಿನಲ್ಲಿ ಕೆರೆಯ ತನಕ ಒಂದು ಸುತ್ತು ಹೋಗಿ ಬರುವರು. ಮೇಷ್ಟ್ರು ಏನೋ ಗುನುಗುತ್ತಾ ಓಡಿಸುವರು, ಅಕ್ಕ ಚಪ್ಪಲಿ ಕಳಚಿ ಕಾಲು ಮಡಿಸಿ ಕೂರುವಳು. ಅಷ್ಟು ಸುಖದ ಹೊತ್ತು ಅವಳ ಬದುಕಿನಲ್ಲಿ ಬೇರೆ ಇರಲಿಲ್ಲ.

ಡ್ರೈವಿಂಗ್ ಸ್ಕೂಲು ಮುಚ್ಚಿ ವರ್ಷಗಳಾದರೂ ಕಾರು ಉಳಿಯಿತು, ಸಂಜೆಯ ಸುತ್ತೂ ಉಳಿಯಿತು. ಆದರೆ ಮೇಷ್ಟ್ರ ಕಣ್ಣು ಮೊದಲಿನಂತಿರಲಿಲ್ಲ. ಎದುರಿಗಿರುವುದು ಕಾಣುತ್ತಿತ್ತು, ಪಕ್ಕದಿಂದ ಬರುವವರು ಕಾಣುತ್ತಿರಲಿಲ್ಲ. ಒಮ್ಮೆ ಸೈಕಲ್ಲಿನವನೊಬ್ಬ ಅಡ್ಡ ಬಂದಾಗ ಅಕ್ಕ ಗಾಬರಿಯಲ್ಲಿ ತನ್ನ ಕಾಲ ಬಳಿಯಿದ್ದ ಬ್ರೇಕನ್ನು ಒತ್ತಿಬಿಟ್ಟಳು. ಕಾರು ನಿಂತಿತು. ಮೇಷ್ಟ್ರು ಏನೂ ಆಗದವರಂತೆ ಮತ್ತೆ ಗುನುಗತೊಡಗಿದರು. ಅಂದಿನಿಂದ ಅವಳು ಕಾಲು ಮಡಿಸಿ ಕೂರುವುದನ್ನು ಬಿಟ್ಟಳು. ಸ್ಟಿಯರಿಂಗ್ ಹಿಡಿಯಲು ಬಾರದ ಹೆಂಗಸು ಬ್ರೇಕು ಒತ್ತುವುದರಲ್ಲಿ ಪಳಗಿಹೋದಳು.

ಡಾಕ್ಟರಿಗೆ ಕಣ್ಣು ತೋರಿಸೋಣ ಎಂದರೆ ಮೇಷ್ಟ್ರು ಮಾತು ಹಾರಿಸುವರು. ಊರಿನವರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ. ಹಳದಿ ಕಾರು ಕಂಡರೆ ಜನ ಮಕ್ಕಳನ್ನು ರಸ್ತೆಯಂಚಿಗೆ ಎಳೆದುಕೊಳ್ಳುತ್ತಿದ್ದರು, ಎಳೆದುಕೊಂಡವರೇ ಮರುಕ್ಷಣ ನಕ್ಕು ಮೇಷ್ಟ್ರಿಗೆ ಕೈ ಬೀಸುತ್ತಿದ್ದರು. ನಮಗ್ಯಾಕೆ ಊರ ಉಸಾಬರಿ ಅನ್ನುವುದಕ್ಕೆ ಗುರುಭಕ್ತಿಯ ಬಣ್ಣ ಬಳಿದುಬಿಟ್ಟರೆ ಅದು ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ.

ಹೀಗಿರುವಾಗ ಒಂದು ಸಂಜೆ, ಗಾಳಿಗೆ ಹಾರಿದ ಟೋಪಿಯ ಹಿಂದೆ ಪುಟ್ಟ ಹೆಣ್ಣುಮಗುವೊಂದು ರಸ್ತೆಗೆ ಓಡಿ ಬಂತು. ಅಕ್ಕ ಬ್ರೇಕು ಒತ್ತಿದಳು, ಮೊಣಕಾಲು ಕೈಕೊಟ್ಟಿತು. ಎರಡೂ ಕೈಯಿಂದ ತೊಡೆಯನ್ನು ಅದುಮಿ ಹೇಗೋ ಕಾರು ನಿಲ್ಲಿಸುವಷ್ಟರಲ್ಲಿ ಬಂಪರು ಮಗುವಿನ ಫ್ರಾಕಿಗೆ ತಾಗಿತ್ತು. ಮಗು ಅಳಲೂ ಮರೆತು ಅವಳನ್ನೇ ನೋಡುತ್ತಾ ನಿಂತಿತು.

ಅಂದು ಅವಳಿಗೆ ಊಟ ಸೇರಲಿಲ್ಲ. ಹೇಳಿದರೆ ಗಂಡನ ಮಾನ ಹೋಗುತ್ತದೆ, ಕೆರೆಯ ಸುತ್ತೂ ಹೋಗುತ್ತದೆ. ಹೇಳದಿದ್ದರೆ ಯಾರದೋ ಮಗು ಹೋಗುತ್ತದೆ. ಮಾರನೆಯ ದಿನ ಬಸ್ಸು ಹತ್ತಿ ಲೈಸೆನ್ಸ್ ಕಚೇರಿಗೆ ಹೋದಳು. ಗುಂಡಿರಾಯ ಎದ್ದು ನಿಂತು ಕುರ್ಚಿ ಕೊಟ್ಟ. ವಿಷಯ ಕೇಳಿ ತಲೆ ತಗ್ಗಿಸಿದ. ತಾನೂ ನೋಡಿದ್ದೇನೆ, ಆದರೆ ಕಲಿಸಿದ ಗುರುಗಳಲ್ಲವೇ, ಯಾವ ಬಾಯಲ್ಲಿ ಹೇಳಲಿ ಅಂದ.

"ನಾನು ಹೇಳ್ತಿದೀನಲ್ಲ, ಕರೆಸಿ ಪರೀಕ್ಷೆ ಮಾಡು," ಅಂದಳು ಅಕ್ಕ. "ಯಾರು ಹೇಳಿದ್ದು ಅಂತ ಮಾತ್ರ ಹೇಳ್ಬೇಡಪ್ಪಾ."

ಕರೆ ಬಂತು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಿಯ ಮುಂದೆ ಎರಡು ಸಲ ತಲೆ ಬಾಚಿಕೊಂಡು ಕಾರಿನಲ್ಲಿ ಹೋದರು. ಬರುವಾಗ ಬಸ್ಸಿನಲ್ಲಿ ಬಂದರು.

ಯಾರೋ ದೂರು ಕೊಟ್ಟು ಮೇಷ್ಟ್ರ ಲೈಸೆನ್ಸ್ ಹೋಯಿತೆಂಬ ಸುದ್ದಿ ತಿಳಿದು ಸಂಜೆ ಶಿಷ್ಯರೆಲ್ಲ ಮನೆಗೆ ಬಂದರು. ಬೆಂಚು ಸಾಲದೆ ಮೆಟ್ಟಿಲ ಮೇಲೂ ಕೂತರು. ದೂರು ಕೊಟ್ಟವರ ಕೈ ಸೇದಿಹೋಗಲಿ ಎಂದು ನರ್ಸು ಶಪಿಸಿದಳು. ಬ್ಯಾಂಕಿನವರು ತಮಗೆ ಅನುಮಾನವಿದ್ದವರ ಹೆಸರೆಲ್ಲ ಎತ್ತಿದರು. ಗುಂಡಿರಾಯ ಚಹಾ ಲೋಟದಿಂದ ಮುಖ ಮೇಲೆತ್ತಲೇ ಇಲ್ಲ. ಸುಮ್ಮನಿದ್ದರೆ ಯಾವನೋ ಪಾಪದವನ ತಲೆಗೆ ಬರುವುದು ಖಂಡಿತ ಅನ್ನಿಸಿತು ಅಕ್ಕನಿಗೆ. ಟ್ರೇ ಹಿಡಿದು ನಿಂತಿದ್ದವಳು ಗಂಡನನ್ನೇ ನೋಡುತ್ತಾ ಹೇಳಿದಳು: "ರೀ, ದೂರು ಕೊಟ್ಟಿದ್ದು ನಾನೇ."

ಮೇಷ್ಟ್ರು ತಮ್ಮ ಅಂಗೈಯನ್ನು ತಾವೇ ಸವರಿಕೊಂಡರು.

"ನೀನು ಬ್ರೇಕ್ ಒತ್ತುತ್ತಿದ್ದದ್ದು ನಂಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ? ಮೊದಲ್ನೇ ದಿನದಿಂದ ಗೊತ್ತು. ಗೊತ್ತು ಅಂದ್ಬಿಟ್ರೆ ಓಡಿಸೋದು ಬಿಡ್ಬೇಕಲ್ಲ, ಅದಕ್ಕೇ ಸುಮ್ನಿದ್ದೆ."

ಅಕ್ಕನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಗಂಡನಿಗೆ ನೋವಾಗಬಾರದೆಂದು ಅವಳು ದಿನವೂ ಜೀವ ಕೈಯಲ್ಲಿ ಹಿಡಿದು ಕೂತಿದ್ದರೆ, ಈ ಮನುಷ್ಯ ಎಲ್ಲ ತಿಳಿದೂ ಪಕ್ಕದಲ್ಲಿ ಗುನುಗುತ್ತಿದ್ದ.

"ಆ ಮಗು ಸತ್ತಿದ್ರೆ?" ಅಂದಳು.

ಮೇಷ್ಟ್ರು ಶಿಷ್ಯರ ಕಡೆ ತಿರುಗಿ, ನನಗೆ ಕಣ್ಣು ಸರಿಯಾಗಿ ಕಾಣದ್ದನ್ನು ನೀವೆಲ್ಲರೂ ನೋಡಿದ್ದಿರಿ ಅಲ್ಲವೇ ಎಂದು ಕೇಳಿದರು. ಯಾರೂ ಇಲ್ಲವೆನ್ನಲಿಲ್ಲ. ನರ್ಸು ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಾವೆಲ್ಲ ಸೇರಿ ಭಾರಾನೆಲ್ಲ ಇವಳೊಬ್ಬಳ ಕಾಲಿನ ಮೇಲೆ ಹಾಕ್ಬಿಟ್ವಲ್ಲ," ಅಂದರು ಮೇಷ್ಟ್ರು. ಆಮೇಲೆ ಎದ್ದು ಬಂದು ಅವಳ ಕೈಯಿಂದ ಟ್ರೇ ತೆಗೆದುಕೊಂಡರು. ತಾವು ಕೂತಿದ್ದ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಉಳಿದವರಿಗೆ ತಾವೇ ಚಹಾ ಕೊಡುತ್ತಾ ಹೋದರು.