ಮುಚ್ಚಿದ ಬಾಗಿಲಿನ ಗುಂಡಿ

ಭಾನುವಾರದ ಪೂಜೆ ಮುಗಿಸಿ, ಪಾದ್ರಿ ಕೊಟ್ಟ ಪ್ರಸಾದದ ರೊಟ್ಟಿತುಂಡು ಹಿಡಿದು ಬರುತ್ತಿದ್ದ ಅಸ್ಪಸಿಯಾ ಔಷಧಿ ಅಂಗಡಿಯ ಮುಂದೆ ನಿಂತಳು. ಮುಚ್ಚಿದ ಬಾಗಿಲಿಗೆ ಸೈಕಲ್ ಒರಗಿಸಿ ಸ್ಟೆರ್ಗಿಯೋಸ್ ಅಜ್ಜ ಫೋನನ್ನು ತಿಕ್ಕುತ್ತಿದ್ದ.

"ಏನಜ್ಜ?"

"ನನ್ನ ಹೆಂಡತಿ ಮೆಲ್ಪೋಗೆ ಉಸಿರು ಹಿಡಿದಿದೆ ಮಗಳೇ. ಎಳೆದುಕೊಳ್ಳೋ ಔಷಧಿ ಖಾಲಿ. ಭಾನುವಾರ ಊರಲ್ಲಿ ಒಂದೇ ಔಷಧಿ ಅಂಗಡಿ ತೆರೆದಿರೋದು, ಇವತ್ತು ಯಾವುದರ ಸರದಿ ಅಂತ ಈ ಬಾಗಿಲಲ್ಲೇ ಚೀಟಿ ಇರ್ತಿತ್ತು. ಈಗ ನೋಡು, ಈ ಚೌಕುಳಿ ಚಿತ್ರ, ಕ್ಯೂಆರ್ ಅಂತೆ. ಫೋನು ಹಿಡಿದ್ರೆ ಒಂದು ಪುಟ ಬರತ್ತೆ, ಅದರ ಗುಂಡಿ ಒತ್ತಿದ್ರೆ ಆ್ಯಪ್ ಹಾಕ್ಕೋ ಅನ್ನತ್ತೆ, ಹಾಕ್ಕೊಳ್ಳೋಕೆ ಹೋದ್ರೆ ಜಾಗ ಇಲ್ಲ ಅನ್ನತ್ತೆ."

ಅವನ ಬೆರಳು ಮೊಮ್ಮಗಳ ನಾಮಕರಣದ ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತಿತ್ತು. ಅಷ್ಟು ಅಳಿಸಿದರೂ ಜಾಗ ಸಾಲದು.

ಆ ಗುಂಡಿ ಅಸ್ಪಸಿಯಾಳೇ ಮಾಡಿದ್ದು. ಒತ್ತಿದರೆ ಆ್ಯಪ್ ತೆರೆಯಬೇಕು. ಫೋನಿನಲ್ಲಿ ಆ್ಯಪ್ ಇಲ್ಲದಿದ್ದರೆ ಪುಟವೇ ಅಂಗಡಿಯ ಹೆಸರು ತೋರಿಸಬೇಕು. ಮೊದಲು ಬರೆದದ್ದು ಹಾಗೆಯೇ. "ಹಾಗಾದ್ರೆ ಆ್ಯಪ್ ಯಾರು ಹಾಕ್ಕೊತಾರೆ?" ಎಂದು ಅಂಗಡಿಯವರು ನಕ್ಕಾಗ ಅವಳೂ ನಕ್ಕು ಆ ದಾರಿಯನ್ನು ಮುಚ್ಚಿದ್ದಳು. ಚೀಟಿ ಕೀಳಿಸಿದವಳೂ ಅವಳೇ.

ಅವಳ ಫೋನಿನಲ್ಲಿ ಹೆಸರು ತಟ್ಟನೆ ಬಂತು. "ರೈಲು ನಿಲ್ದಾಣದ ಎದುರಿನ ಅಂಗಡಿ ಅಜ್ಜ. ಹೋಗಿ, ತೆರೆದಿದೆ."

"ದೇವರೇ ಕಳಿಸಿದ ಹಾಗೆ ಬಂದೆ ನೋಡು. ಇದನ್ನ ಮಾಡಿದವನಿಗೆ ಮನೇಲಿ ಮುದುಕರೇ ಇಲ್ವೇನೋ."

ಸುಮ್ಮನಿದ್ದರೆ ಅವನು ಹರಸಿ ಹೋಗುತ್ತಿದ್ದ. ಆ ಆಶೀರ್ವಾದ ಹೊರಲು ಅವಳಿಂದಾಗಲಿಲ್ಲ. "ಮಾಡಿದ್ದು ನಾನೇ ಅಜ್ಜ."

ಅಜ್ಜ ಸೈಕಲ್ ತಿರುಗಿಸಿದವನು ಅವಳನ್ನೊಮ್ಮೆ ನೋಡಿದ. ಬೈಯಲಿಲ್ಲ. "ಅಷ್ಟೆಲ್ಲ ಓದಿದೀಯ, ಒಂದು ಚೀಟಿ ಬರೆಯೋಕೆ ಬರತ್ತಲ್ಲ?" ಎಂದು ಪೆಡಲು ತುಳಿದ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಮೂಲೆಯ ಗೂಡಂಗಡಿಯಲ್ಲಿ ಪೆನ್ನು, ಅಂಟುಪಟ್ಟಿ ಬೇಡಿ ತಂದಳು. ಸಿಗರೇಟು ಪೊಟ್ಟಣದ ರಟ್ಟಿನ ಮೇಲೆ ಅಂಗಡಿಯ ಹೆಸರು, ಬೀದಿ, ದೂರವಾಣಿ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಆ ಚೌಕುಳಿಯ ಮೇಲೆಯೇ ಅಂಟಿಸತೊಡಗಿದಳು. ಚರ್ಚಿನಿಂದ ಬರುತ್ತಿದ್ದವರು ನಿಂತು ನೋಡಿದರು.

"ಪುಣ್ಯದ ಕೆಲಸ ಮಾಡ್ತಿದೀಯಮ್ಮ," ಎಂದಳು ಒಬ್ಬಳು ಹೆಂಗಸು.

ಅಸ್ಪಸಿಯಾ ತಲೆ ಎತ್ತಲಿಲ್ಲ. ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತುತ್ತಲೇ ಇದ್ದಳು.