ಹೊಳೆಯಾಚೆಯ ಗೂಡ್ಸ್

ಓಮ್ನಿಯ ಹಿಂದಿನ ಸೀಟಿನಡಿಯಿಂದ ಕ್ಯಾಮೆರಾದ ಚೀಲವನ್ನು ಎಳೆದು ತೆಗೆದ ಅಣ್ಣು, ಅದನ್ನು ತನ್ನ ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ಕಂಕುಳಲ್ಲಿ ಒತ್ತಿ ಹಿಡಿದುಕೊಂಡ.

"ಇದನ್ನು ಕೊಟ್ಟಿಗೆಯ ಅಟ್ಟದಲ್ಲಿ ಇಡ್ತೇನೆ ಬಾವ. ಜನ ಬರ್ಲಿಕ್ಕೆ ಸುರುವಾಗಿದೆ. ಯಾರ ಕಣ್ಣಿಗೂ ಬೀಳುವುದು ಬೇಡ."

ವಾಸುವಿನ ಪ್ಯಾಂಟಿನ ಮೊಣಕಾಲಿನಲ್ಲಿ ನಿನ್ನೆಯ ಘಾಟಿಯ ಮಣ್ಣು ಹಾಗೆಯೇ ಒಣಗಿತ್ತು. ಒಳಗೆ ಚಾವಡಿಯಲ್ಲಿ ಅವನ ಹೆಂಡತಿ ಬೇಬಿ ಮಲಗಿದ್ದಳು. ಇಪ್ಪತ್ತು ವರ್ಷ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದ ಅವಳ ಕೈಗಳನ್ನು ಎದೆಯ ಮೇಲೆ ಜೋಡಿಸಿ, ಹೆಬ್ಬೆರಳುಗಳನ್ನು ಬಿಳಿ ನೂಲಿನಿಂದ ಕಟ್ಟಿದ್ದರು. ಅವಳು ಅನ್ನ ಬಡಿಸಿದ ಮಕ್ಕಳು ಈಗ ಮೀಸೆ ಬಂದ ಗಂಡಸರಾಗಿ ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದರು.

ಅಣ್ಣು ಮೊಬೈಲ್ ತೆಗೆದ. "ಗ್ರೂಪಿಗೆ ಹಾಕ್ಲಿಕ್ಕೆ ಬರೆದಿದ್ದೇನೆ, ಕೇಳು. 'ಸುಬ್ರಹ್ಮಣ್ಯ ಕ್ಷೇತ್ರದ ದರ್ಶನ ಮುಗಿಸಿ ಮರಳುವ ದಾರಿಯಲ್ಲಿ ದೈವಾಧೀನರಾದರು.' ಸರಿ ಉಂಟಲ್ವಾ?"

ವಾಸು ತಲೆಯಾಡಿಸಿದ. ಅದು ಹೌದೋ ಅಲ್ಲವೋ ಎಂದು ಅವನಿಗೇ ಗೊತ್ತಾಗಲಿಲ್ಲ. ಹೆಂಡತಿಯ ಅಣ್ಣ ಅದನ್ನು ಹೌದೆಂದೇ ತಿಳಿದು ಕೊಟ್ಟಿಗೆಯ ಕಡೆ ನಡೆದ.

*

ಮೊದಲ ಸಲ ಅವರು ನಿಜವಾಗಿಯೂ ಸುಬ್ರಹ್ಮಣ್ಯಕ್ಕೇ ಹೋಗಿದ್ದರು. ಅದಕ್ಕೆ ಹನ್ನೊಂದು ವರ್ಷವಾಯಿತು. ಮರಳುವಾಗ ಘಟ್ಟದ ಬುಡದ ಗುಂಡ್ಯದಲ್ಲಿ ಬೇಬಿ, "ಇಷ್ಟು ದೂರ ಬಂದಿದ್ದೇವೆ, ಸ್ವಲ್ಪ ಘಾಟಿ ಹತ್ತಿ ನೋಡುವ ಮಾರಾಯ್ರೇ" ಎಂದಳು. ಓಮ್ನಿ ಅಲ್ಲವೇ, ಇಂಜಿನ್ ಕಾದು ಅರ್ಧ ದಾರಿಯಲ್ಲೇ ನಿಂತಿತು. ಕೆಳಗೆ ಕೆಂಪುಹೊಳೆ ಕಲ್ಲುಗಳ ನಡುವೆ ನೊರೆಗಟ್ಟಿ ಇಳಿಯುತ್ತಿತ್ತು. ವಾಸು ನೀರು ತರಲು ಇಳಿದಾಗ ಹೊಳೆಯ ಆಚೆ, ಮೋಡದ ಮಟ್ಟದಲ್ಲಿ, ಕಾಡಿನೊಳಗಿಂದ ಒಂದು ಗೂಡ್ಸ್ ರೈಲು ಹೊರಬಂತು. ಸೇತುವೆ ದಾಟಿತು, ಸುರಂಗಕ್ಕೆ ಹೊಕ್ಕಿತು, ಮತ್ತೆ ಹೊರಬಂತು. ಮುಗಿಯುವುದೇ ಇಲ್ಲ ಎನ್ನುವಷ್ಟು ಉದ್ದ. ಕೊನೆಯಲ್ಲಿ ಎರಡು ಇಂಜಿನ್‌ಗಳು ಹೊಗೆ ಕಾರುತ್ತಾ ಹಿಂದಿನಿಂದ ದೂಡುತ್ತಿದ್ದವು.

ಅವನು ಕ್ಯಾನ್ ಹಿಡಿದು ಮೇಲೆ ಬಂದಾಗ ಬೇಬಿ ರಸ್ತೆಬದಿಯ ಕಲ್ಲಿನ ಮೇಲೆ ಹತ್ತಿ ನಿಂತಿದ್ದಳು.

"ಅದರಲ್ಲಿ ಎಂತ ಉಂಟು?"

"ಅಕ್ಕಿಯೋ ಗೊಬ್ಬರವೋ. ಯಾರಿಗೆ ಗೊತ್ತು?"

"ನಾನು ದಿನಾ ಬೇಯಿಸುವ ಅಕ್ಕಿ ಹೀಗೆ ಬರುವುದಾ!" ಅವಳು ಬಹಳ ಹೊತ್ತು ಕೆಳಗಿಳಿಯಲಿಲ್ಲ.

ಮರುತಿಂಗಳು ಉಡುಪಿಯ ಸ್ಟುಡಿಯೋದ ಸಿಲ್ವೆಸ್ಟರ್ ತನ್ನ ಹಳೆಯ ಕ್ಯಾಮೆರಾ ಮಾರುತ್ತಾನೆಂದು ಕೇಳಿ, ಯಾರನ್ನೂ ಕೇಳದೆ ಹೋಗಿ ತಂದಳು. ಅದನ್ನು ಹಿಡಿಯಲು ಅವನಿಂದಲೇ ಕಲಿತಳು. ಅಂದಿನಿಂದ ತಿಂಗಳಿಗೊಂದು ಭಾನುವಾರ ಘಾಟಿ. ವಾಸು ಓಮ್ನಿ ಬಿಡುತ್ತಿದ್ದ, ಬುತ್ತಿ ಬಿಚ್ಚುತ್ತಿದ್ದ, ನಿದ್ದೆ ಹೋಗುತ್ತಿದ್ದ. ಗೂಡ್ಸಿಗೆ ಹೊತ್ತು ಗೊತ್ತು ಇಲ್ಲ. ಕೆಲವೊಮ್ಮೆ ಗಂಟೆಯೊಳಗೆ ಮೂರು ಬಂದವು, ಕೆಲವೊಮ್ಮೆ ಸಂಜೆಯ ತನಕ ಕಾದು ಬರಿಗೈಯಲ್ಲಿ ಬಂದರು. ಬೇಬಿಗೆ ಅದರಿಂದಲೂ ಬೇಸರವಿರಲಿಲ್ಲ.

ಸುಳ್ಳು ಸುರುಮಾಡಿದವನು ವಾಸು. ಕಟಪಾಡಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರೋ, "ಎಂತ ವಾಸು, ತಿಂಗಳು ತಿಂಗಳು ಘಟ್ಟದ ಕಡೆಗೆ?" ಎಂದು ಕೇಳಿದಾಗ ಬಾಯಿಗೆ ಬಂದದ್ದು ಸುಬ್ರಹ್ಮಣ್ಯ. ಮನೆಗೆ ಬಂದು ಹೇಳಿದಾಗ ಬೇಬಿ ಸೌಟು ಕೆಳಗಿಟ್ಟಳು.

"ನಾನು ಕಳ್ಳತನ ಮಾಡ್ತೇನಾ? ದೇವರ ಹೆಸರು ಎಂತಕ್ಕೆ?"

"ಅಡುಗೆಯವಳು ಕಾಡಿನಲ್ಲಿ ನಿಂತು ರೈಲಿನ ಫೋಟೋ ತೆಗೀತಾಳೆ ಅಂದ್ರೆ ಜನ ನಗ್ತಾರೆ. ಹರ್ಷಿಣಿಯ ಮದುವೆ ಆಗ್ಲಿ, ಮತ್ತೆ ನಾನೇ ಹೇಳ್ತೇನೆ."

ಮಗಳ ಮದುವೆಯಾಯಿತು. ಮೊಮ್ಮಗು ಹುಟ್ಟಿ ಹೆಸರಿಡುವ ದಿನ ಬರಲಿ ಎಂದ. ಅದೂ ಕಳೆಯಿತು. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು.

*

ಹರ್ಷಿಣಿಯ ಅತ್ತೆ ನಳಿನಾಕ್ಷಿ ಬೆಳ್ಮಣ್‌ನಿಂದ ಬಂದು ಇಳಿದವರೇ ಬೇಬಿಯ ಕಾಲಿನ ಹತ್ತಿರ ಕುಳಿತು ಅತ್ತರು. ಅತ್ತು ಮುಗಿದ ಮೇಲೆ ಸುತ್ತಲಿನ ಹೆಂಗಸರಿಗೆ ಹೇಳತೊಡಗಿದರು.

"ಹನ್ನೊಂದು ವರ್ಷ, ಒಂದು ತಿಂಗಳೂ ತಪ್ಪಿಸದೆ! ನಮ್ಮ ಪುಳ್ಳಿಗೆ, ಹರ್ಷಿಣಿಯ ಮಗುವಿಗೆ, ಜ್ವರ ಬಿಡದೆ ಇದ್ದಾಗ ಇವರು ತಂದ ಪ್ರಸಾದ ಬಾಯಿಗೆ ಹಾಕಿದ್ದು, ಬೆಳಿಗ್ಗೆ ಜ್ವರ ಇಲ್ಲ. ಇಂಥ ಪುಣ್ಯದ ಸಾವು ಯಾರಿಗೆ ಸಿಗ್ತದೆ?"

ಹೆಂಗಸರು ಹೌದು ಹೌದೆಂದರು. ಯಾರೋ ಕೈಮುಗಿದರು. ಹರ್ಷಿಣಿ ಮಾತ್ರ ತಾಯಿಯ ಮುಖ ನೋಡುತ್ತಾ ತುಟಿ ಕಚ್ಚಿಕೊಂಡಳು.

"ನಿನ್ನೆ ದರ್ಶನ ಚೆಂದ ಆಗಿತ್ತಾ ವಾಸಣ್ಣ?" ಎಂದು ನಳಿನಾಕ್ಷಿ ಪಕ್ಕದಲ್ಲಿ ಕುಳಿತಿದ್ದ ವಾಸುವನ್ನು ಕೇಳಿದರು.

*

ನಿನ್ನೆ ಬಿಸಿಲು ಏರುವ ತನಕ ಒಂದೂ ಗೂಡ್ಸ್ ಬರಲಿಲ್ಲ. ಬೇಬಿ ಎರಡು ಸಲ ಎದೆ ಉಜ್ಜಿಕೊಂಡಳು.

"ಗ್ಯಾಸ್. ಬೆಳಿಗ್ಗೆ ತಿಂದದ್ದು ಸರಿಯಾಗ್ಲಿಲ್ಲ."

"ಹೋಗುವ ಬೇಬಿ, ಸಾಕು."

"ಒಂದು ಬರ್ಲಿ."

ಹನ್ನೆರಡರ ಸುಮಾರಿಗೆ ಹೊಳೆಯ ಸದ್ದಿನ ಮೇಲೆ ಇನ್ನೊಂದು ಸದ್ದು ಕೇಳಿತು. ಅವಳು ಎದ್ದು ಕಲ್ಲಿಗೆ ಮೊಣಕೈ ಊರಿ ನಿಂತಳು. ಕಪ್ಪು ಟ್ಯಾಂಕ್‌ಗಳ ಸಾಲು ಸೇತುವೆಗೆ ಬಂತು. ಅವಳು ಅವಸರ ಮಾಡಲಿಲ್ಲ. ಇಡೀ ರೈಲು ಬಾಗಿ, ತಲೆ ಒಂದು ಸುರಂಗದ ಬಾಯಿಗೂ ಬಾಲ ಇನ್ನೊಂದಕ್ಕೂ ತಾಗುವ ತನಕ ಕಾದು ಒತ್ತಿದಳು. ಆಮೇಲೆ ಕ್ಯಾಮೆರಾವನ್ನು ಜೋಪಾನವಾಗಿ ಅವನ ಕೈಗೆ ಕೊಟ್ಟು, "ಸಿಕ್ಕಿತು" ಎಂದು ಹೇಳಿ ಕುಳಿತಳು. ಮತ್ತೆ ಏಳಲಿಲ್ಲ.

ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ವೈದ್ಯರು ಅವಳ ಕಣ್ಣಿಗೆ ಟಾರ್ಚ್ ಹಾಕಿ ನೋಡಿ, ಅವನ ಭುಜ ಮುಟ್ಟಿ, "ಎಲ್ಲಿಂದ ಬರ್ತಾ ಇದ್ರಿ?" ಎಂದು ಕೇಳಿದರು.

"ಸುಬ್ರಹ್ಮಣ್ಯದಿಂದ."

ಹೇಳಿದ ಮೇಲೆ ಅವನಿಗೆ ತನ್ನ ಮಾತು ಕೇಳಿಸಿತು. ಬೇಬಿ ಅಲ್ಲಿಯೇ, ಒಂದು ಗೇಣು ದೂರದಲ್ಲಿ, ಮಲಗಿದ್ದಳು.

*

"ಇಲ್ಲ" ಎಂದ ವಾಸು.

ನಳಿನಾಕ್ಷಿಗೆ ಅರ್ಥವಾಗಲಿಲ್ಲ. "ಎಂತ, ರಶ್ಶಾ?"

"ದರ್ಶನ ಇಲ್ಲ ನಳಿನಕ್ಕ. ನಾವು ಹೋಗ್ಲೇ ಇಲ್ಲ." ಅವನು ಎದ್ದು ಚಾವಡಿಯ ಮೆಟ್ಟಿಲಿಗೆ ಬಂದ. ಅಂಗಳದಲ್ಲಿದ್ದವರಿಗೂ ಕೇಳಬೇಕಿತ್ತು. "ಮೊದಲ ಸಲ ಹೋದದ್ದು ನಿಜ. ಮತ್ತೆ ಹನ್ನೊಂದು ವರ್ಷ ಒಂದು ಸಲವೂ ಹೋಗ್ಲಿಲ್ಲ. ಬೇಬಿ ಹೋಗ್ತಾ ಇದ್ದದ್ದು ಶಿರಾಡಿ ಘಾಟಿಗೆ, ಗೂಡ್ಸ್ ರೈಲಿನ ಫೋಟೋ ತೆಗೀಲಿಕ್ಕೆ. ನಿನ್ನೆಯೂ ಅದಕ್ಕೇ. ತೆಗೆದೇ ಹೋದಳು. ಸುಬ್ರಹ್ಮಣ್ಯ ಅಂತ ಸುಳ್ಳು ಹೇಳಿದ್ದು ನಾನು, ಅವಳಲ್ಲ."

ಅಣ್ಣು ಕೊಟ್ಟಿಗೆಯಿಂದ ಓಡಿಬಂದ. "ನಿನಗೆ ತಲೆ ಸರಿ ಇಲ್ಲ ಬಾವ. ಒಳಗೆ ನಡೆ."

"ನೀನು ಗ್ರೂಪಿಗೆ ಹಾಕಿದ್ದನ್ನು ತೆಗಿ. ಗೂಡ್ಸಿನ ಫೋಟೋ ತೆಗೆಯುವಾಗ ಹೋದಳು ಅಂತ ಬರಿ."

"ಜನ ನಗ್ತಾರೆ!"

"ನಗ್ಲಿ. ನಾನು ಹೆದರಿ ಹೆದರಿ ಎಂತ ಉಳಿಸಿದೆ?"

ನಳಿನಾಕ್ಷಿ ಬಾಯಿಗೆ ಸೆರಗು ಹಿಡಿದು ಕೂತಿದ್ದರು. ಕೊನೆಗೆ ಸಣ್ಣ ದನಿಯಲ್ಲಿ, "ಹಾಗಾದ್ರೆ ಆ ಪ್ರಸಾದ?" ಎಂದರು.

"ಕಟಪಾಡಿಯ ಅಂಗಡಿಯ ಕಲ್ಲುಸಕ್ಕರೆ. ನಾನೇ ಕಟ್ಟಿಸಿದ್ದು. ತಪ್ಪಾಯ್ತು."

ಹರ್ಷಿಣಿಯ ಗಂಟಲಿನಿಂದ ಒಂದು ಸದ್ದು ಬಂತು. ಅಳು ಎಂದು ಎಲ್ಲರೂ ತಿರುಗಿದರು. ಅವಳು ನಗುತ್ತಿದ್ದಳು. ನಗುತ್ತಾ ನಗುತ್ತಾ ತಾಯಿಯ ಎದೆಯ ಮೇಲೆ ತಲೆಯಿಟ್ಟು, ಆಗ ಅತ್ತಳು.

ಅಣ್ಣು ಚಟ್ಟದ ಹತ್ತಿರ ಬರಲಿಲ್ಲ. "ಎಲ್ಲರ ಎದುರು ಮರ್ಯಾದೆ ತೆಗೆದೆ. ನಾನು ಹೆಗಲು ಕೊಡುವುದಿಲ್ಲ" ಎಂದು ಬಾವಿಕಟ್ಟೆಗೆ ಬೆನ್ನು ಕೊಟ್ಟು ನಿಂತ.

"ಕೊಡ್ಬೇಡ" ಎಂದ ವಾಸು. ಅಲ್ಲಿಗೆ ಮಾತು ಮುಗಿಯಿತು. ಕುರ್ಚಿ ಜೋಡಿಸಿದ್ದವರಲ್ಲಿ ಒಬ್ಬ ಕೇಳದೆಯೇ ಬಂದು ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟ. ತೆಂಗಿನ ಹಿತ್ತಲಿನ ಕೊನೆಯಲ್ಲಿ ಮಾವಿನ ಕಟ್ಟಿಗೆ ಪೇರಿಸಿದ್ದರು. ನವೆಂಬರಿನ ಒಣಗಾಳಿ ಘಟ್ಟದ ಕಡೆಯಿಂದ ಬೀಸುತ್ತಿತ್ತು. ಬೆಂಕಿ ಬೇಗ ಹತ್ತಿತು.

ಸ್ನಾನ ಮುಗಿಸಿದ ವಾಸು ಒದ್ದೆ ಮುಂಡಿನಲ್ಲೇ ಕೋಣೆಗೆ ಹೋಗಿ, ಬೇಬಿಯ ಕಪಾಟು ತೆರೆದು, ಸೀರೆಗಳ ಅಡಿಯಲ್ಲಿದ್ದ ದೊಡ್ಡ ಲಕೋಟೆಗಳನ್ನು ಎತ್ತಿಕೊಂಡು ಬಂದ. ಅಂಗಳದಲ್ಲಿ ಕಂಬದಿಂದ ಕಂಬಕ್ಕೆ ಬಟ್ಟೆ ಒಣಹಾಕುವ ಹಗ್ಗವಿತ್ತು. ಅವನು ಒಂದೊಂದೇ ಫೋಟೋ ತೆಗೆದು ಹಗ್ಗಕ್ಕೆ ಕ್ಲಿಪ್ ಹಾಕತೊಡಗಿದ. ಹರ್ಷಿಣಿ ಬಂದು ಇನ್ನೊಂದು ತುದಿಯಿಂದ ಸುರುಮಾಡಿದಳು. ಮಂಜಿನಲ್ಲಿ ಅರ್ಧ ಕರಗಿದ ರೈಲು, ಮಳೆಗಾಲದ ಕೆಂಪು ನೀರಿನ ಮೇಲಿನ ರೈಲು, ಕಲ್ಲಿದ್ದಲು, ಗೊಬ್ಬರ, ಎಣ್ಣೆ.

ತಲೆ ಒರೆಸಿಕೊಳ್ಳುತ್ತಿದ್ದ ಜನ ಒಬ್ಬೊಬ್ಬರಾಗಿ ಹತ್ತಿರ ಬಂದರು. ನಳಿನಾಕ್ಷಿ ಕನ್ನಡಕ ಏರಿಸಿ ಒಂದರ ಮುಂದೆ ನಿಂತೇಬಿಟ್ಟರು. "ಇದು ಎಷ್ಟು ಎತ್ತರದಲ್ಲಿ ಉಂಟು ವಾಸಣ್ಣ! ಇಲ್ಲಿ ಇವರು ಎಲ್ಲಿ ನಿಲ್ತಾ ಇದ್ದದ್ದು?" ವಾಸು ಬೆರಳು ತೋರಿಸಿ ಹೇಳಿದ. ಆಮೇಲೆ ಮುಂದಿನದಕ್ಕೆ ಹೋದರು, ಅದನ್ನೂ ಕೇಳಿದರು.

ಗಾಳಿ ಬೀಸಿ ಹಗ್ಗ ತೂಗಿತು. ತುದಿಯ ಹಳೆಯ ಕ್ಲಿಪ್ ಮುರಿದು, ಅದರ ಫೋಟೋ ಹಾರಿ, ಬಾವಿಕಟ್ಟೆಯ ಒದ್ದೆ ನೆಲದ ಅಂಚಿನಲ್ಲಿ ಬಿತ್ತು. ಇನ್ನೂ ಅಲ್ಲಿಯೇ ಇದ್ದ ಅಣ್ಣು ಬಗ್ಗಿ ಎತ್ತಿಕೊಂಡ. ಅದರ ಹಿಂಬದಿಯನ್ನು ತನ್ನ ಅಂಗಿಗೆ ಒರೆಸಿದ. ತಿರುಗಿಸಿ ನೋಡಿದ, ಬಹಳ ಹೊತ್ತು ನೋಡಿದ. ಮೆಲ್ಲಗೆ ಹಗ್ಗದ ಹತ್ತಿರ ಬಂದು ಕ್ಲಿಪ್ಪಿಗಾಗಿ ತಡವಿದ. ಕ್ಲಿಪ್ಪುಗಳು ಮುಗಿದಿದ್ದವು. ಅವನು ಫೋಟೋವನ್ನು ಅದರ ಜಾಗದಲ್ಲಿಟ್ಟು, ಎರಡು ಬೆರಳುಗಳಿಂದ ಹಗ್ಗಕ್ಕೆ ಒತ್ತಿ ಹಿಡಿದು, ಕೈಯೆತ್ತಿಕೊಂಡು ಅಲ್ಲೇ ನಿಂತ.