ಹಳದಿ ಸಿಪ್ಪೆ

ಬಾಳೆಹಣ್ಣಿನ ಸಿಪ್ಪೆ ಯಾವ ಬುಟ್ಟಿಗೆ ಸೇರತಕ್ಕದ್ದು ಎಂಬ ಘನವಾದ ಪ್ರಶ್ನೆ ಆ ಶುಕ್ರವಾರ ಶಿಶುವಿಹಾರದ ಮುಂದೆ ತೀರ್ಮಾನಕ್ಕೆ ಬಂದಿತ್ತು. ತೀರ್ಪುಗಾರರಿಬ್ಬರು: ಶಾಲೆಯ ದೊಡ್ಡ ಮೇಡಂ ಮತ್ತು ಆಡಳಿತ ಮಂಡಳಿಯ ಹಿರಿಯರು. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತಿದ್ದರು. ಕಸ ವಿಂಗಡಿಸುವ ಈ ಪಾಠ ಮೆಚ್ಚಿಗೆಯಾದರೆ ಟೀಚರಮ್ಮನ ಕೆಲಸ ಖಾಯಂ. ಖಾಯಂ ಆದರೆ ವಿಮೆ. ವಿಮೆ ಇದ್ದರೆ ಅಮ್ಮನ ಕಣ್ಣಿನ ಆಪರೇಷನ್ನು. ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುವ ಅಮ್ಮ ಬೆಳಿಗ್ಗೆ, "ಹೆದರ್ಬೇಡ್ವೇ, ಕಸ ತಾನೇ" ಎಂದು ನಕ್ಕು ಕಳಿಸಿದ್ದಳು.

ಕಸವೇನೋ ಕಸವೇ, ಆದರೆ ಸೋಪು ಹಾಕಿ ತೊಳೆದ ಕಸ. ತರಗತಿಯಲ್ಲಿ ವಾಸನೆ ಕೂಡದೆಂದು ದೊಡ್ಡ ಮೇಡಂ ಅಪ್ಪಣೆಯಾಗಿತ್ತು. ಹಸಿ ಕಸವನ್ನಂತೂ ಅವರೇ ಆಟಿಕೆ ಅಂಗಡಿಯಿಂದ ಆರಿಸಿ ತಂದಿದ್ದರು: ಪ್ಲಾಸ್ಟಿಕ್ಕಿನ ಸೊಪ್ಪು, ಪ್ಲಾಸ್ಟಿಕ್ಕಿನ ಮೊಟ್ಟೆಯ ಓಡು, ಪ್ಲಾಸ್ಟಿಕ್ಕಿನ ಸಿಪ್ಪೆ.

ಬಾಟಲಿ ಒಣ ಕಸದ ನೀಲಿ ಬುಟ್ಟಿಗೆ ಹೋಯಿತು, ಸೊಪ್ಪು ಹಸಿ ಕಸದ ಹಸಿರಿಗೆ. ಚಪ್ಪಾಳೆ. ಕೊನೆಗೆ, ತರಗತಿಯಲ್ಲೇ ಚಿಕ್ಕವಳಾದ್ದರಿಂದ ಎಲ್ಲರೂ ಜೀರಿಗೆ ಎಂದು ಕರೆಯುವ ಹುಡುಗಿ ಎದ್ದು ಬಂದಳು. ಸಿಪ್ಪೆಯನ್ನು ಎರಡು ಬೆರಳಲ್ಲಿ ಅದುಮಿ ಬಿಟ್ಟಳು. ಅದು ಟಪ್ಪೆಂದು ಮೊದಲಿನ ಆಕಾರಕ್ಕೆ ಬಂತು. ನೀಲಿ ಬುಟ್ಟಿಗೆ ಹಾಕಿದಳು.



"ಪುಟ್ಟಾ, ಏನದು?" ದೊಡ್ಡ ಮೇಡಂ ದನಿಗೆ ಜೇನು ಸವರಿಕೊಂಡರು.

"ಸಿಪ್ಪೆ."

"ಮತ್ತೆ ಹಸಿ ಕಸ ಅಲ್ವಾ?"

"ಅಲ್ಲ. ಪ್ಲಾಸ್ಟಿಕ್ಕು."

ಹಿರಿಯರಿಗೆ ನಗು ಬಂತು. ಮೇಡಂ ಮುಖ ನೋಡಿ ಅದನ್ನು ಕೆಮ್ಮಾಗಿಸಿದರು.

"ಮಿಸ್ಸೇ ಹೇಳ್ಕೊಟ್ಟಿದ್ದು," ಜೀರಿಗೆ ಬಿಡಲಿಲ್ಲ. "ಹೆಸರು ಕೇಳ್ಬಾರ್ದು, ಮುಟ್ಟಿ ನೋಡ್ಬೇಕು."

ಹೇಳಿಕೊಟ್ಟದ್ದು ನಿಜ. ಮಕ್ಕಳು ಮನೆಯಿಂದ ತಂದ ನಾತದ ಚೀಲಗಳನ್ನು ಹಿತ್ತಲಲ್ಲಿ ಸುರುವಿ, ಮೇಡಂ ಕಣ್ಣು ತಪ್ಪಿಸಿ ವಾರವೆಲ್ಲ ಹೇಳಿಕೊಟ್ಟಿದ್ದಳು.

"ಏನ್ ಟೀಚರ್, ನೀವೇ ಹೇಳಿ," ಎಂದರು ಮೇಡಂ. ಜೇನು ಮುಗಿದಿತ್ತು. "ಯಾವ ಬುಟ್ಟಿ?"

ಜೀರಿಗೆ ತಲೆಯೆತ್ತಿ ಟೀಚರಮ್ಮನನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಭಯವಿರಲಿಲ್ಲ, ಉತ್ತರ ಗೊತ್ತಿದ್ದವರ ನೆಮ್ಮದಿ ಇತ್ತು.

"ಹಸಿರು ಬುಟ್ಟಿ, ಕಂದಾ."

"ಮಿಸ್, ಆದ್ರೆ..."

"ಹಸಿರು ಅಂದ್ನಲ್ಲ."

ಹುಡುಗಿ ನೀಲಿ ಬುಟ್ಟಿಗೆ ಕೈ ಹಾಕಿ ಸಿಪ್ಪೆ ತೆಗೆದಳು. ಅದಕ್ಕೆ ಇನ್ನೊಂದು ಅವಕಾಶ ಕೊಡುವವಳ ಹಾಗೆ ಮತ್ತೆ ಅದುಮಿದಳು. ಟಪ್. ಹಸಿರಿಗೆ ಹಾಕಿದಳು. ದೊಡ್ಡ ಮೇಡಂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಸೋಮವಾರ ತಿಂಡಿ ಬಿಡುವಿನಲ್ಲಿ ಜೀರಿಗೆ ಮನೆಯಿಂದ ತಂದ ಬಾಳೆಹಣ್ಣು ತಿಂದು, ಸಿಪ್ಪೆ ಹಿಡಿದು ಎರಡು ಬುಟ್ಟಿಗಳ ನಡುವೆ ನಿಂತಳು. ಅದುಮಿದಳು, ಅದು ಮೆತ್ತಗೆ ಹಾಗೇ ಉಳಿಯಿತು. ಹಸಿರನ್ನು ನೋಡಿದಳು, ನೀಲಿಯನ್ನು ನೋಡಿದಳು, ಕಿಟಕಿಯ ಬಳಿಯಿದ್ದ ಟೀಚರಮ್ಮನನ್ನೂ ಒಮ್ಮೆ ನೋಡಿದಳು. ಆಮೇಲೆ ಸಿಪ್ಪೆಯನ್ನು ಮಡಿಸಿ ತಿಂಡಿ ಡಬ್ಬಿಯೊಳಗಿಟ್ಟು, ಮುಚ್ಚಳ ಒತ್ತಿ, ಚೀಲಕ್ಕೆ ಹಾಕಿಕೊಂಡಳು.

ಟೀಚರಮ್ಮನ ಕೆಲಸ ಖಾಯಂ ಆಯಿತು.